ಪಂಪು ತಣ್ಣಗಾಗುವವರೆಗೆ

ಏಪ್ರಿಲ್ ೧೪, ಮಧ್ಯಾಹ್ನ

ನನ್ನ ಚೂಟಿಗೆ ಅಜ್ಜಿ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮುದುಕಿ ಇದ್ದಾಳೋ ಹೋದಳೋ ಎಂದುಕೊಂಡಿರುತ್ತೀ. ಇದ್ದೇನೆ. ಕನ್ನಡಕದ ಕಾಲು ಮುರಿದಿತ್ತು, ಪಕ್ಕದ ಮನೆ ಟೈಲರಮ್ಮ ದಾರ ಸುತ್ತಿಕೊಟ್ಟಳು. ಅವಳು ಹೊಲಿದ ರವಿಕೆಯ ಹಾಗೆ ಇದೂ ಒಂದು ಕಡೆ ಎಳೆಯುತ್ತದೆ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ನುಂಗಿಕೋ.

ಗ್ಯಾಸ್ ಪ್ಲಾಂಟಿನಲ್ಲಿ ನಿನ್ನನ್ನು ಪಂಪಿಗೆ ಹಾಕಿದ್ದು, ಮೊದಲ ವಾರವೇ ಅದು ಗರಗರ ಎಂದು ನಿಂತದ್ದು, ಹಿರಿಯ ಆಪರೇಟರ್ ಎಲ್ಲರೆದುರು "ತಾತನ ಹಾಗೆ ನೀನೂ ಪಂಪು ಸುಟ್ಟುಬಿಡಬೇಡಮ್ಮ, ಅವಸರ ನಿಮ್ಮ ರಕ್ತದಲ್ಲೇ ಇದೆ" ಎಂದದ್ದು, ಎಲ್ಲ ಓದಿದೆ. ಪಂಪು ಬಿಟ್ಟು ಸಿಲಿಂಡರ್ ತೂಗುವ ಕಡೆ ಹೋಗುತ್ತೇನೆ ಎಂದಿದ್ದೀ. "ತಾತ ನಿಜವಾಗ್ಲೂ ಅಷ್ಟು ಅಜಾಗರೂಕರಾಗಿದ್ರಾ ಅಜ್ಜಿ?" ಎಂದು ಕೇಳಿದ್ದೀ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಂಪಿನ ಮಾತು.

ನಗಬೇಡ. ಅದೇ ಪ್ಲಾಂಟಿನ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷ ಟೀ ಕಾಸಿದವಳು ನಾನು. ತಂತಿ ಬೇಲಿಯ ಆಚೆಗೇ ನಿನ್ನ ತಾತನ ಪಂಪು. ಟ್ಯಾಂಕು ಮಣ್ಣಿನೊಳಗೆ ತಂಪಾಗಿರುತ್ತದೆ, ಪಂಪು ಬಿಸಿಲಲ್ಲಿ ಕಾದಿರುತ್ತದೆ. ನೀರಿನಂತೆ ಹರಿದು ಬರುವ ಗ್ಯಾಸು ಆ ಬಿಸಿಗೆ ಕುದಿದು ಆವಿಯಾಗಿ ಪಂಪಿನ ಹೊಟ್ಟೆಯಲ್ಲಿ ಕುಳಿತುಬಿಡುತ್ತದೆ. ಆಮೇಲೆ ಪಂಪು ಎಷ್ಟು ತಿರುಗಿದರೂ ಗಾಳಿ ಅಗಿದಂತೆ. ಅದಕ್ಕೇ ತಾತ ಟ್ಯಾಂಕಿನ ಕಡೆಯ ವಾಲ್ವನ್ನು ನಿಧಾನವಾಗಿ ಪೂರ್ತಿ ತೆರೆಯುತ್ತಿದ್ದರು. ಆವಿಯನ್ನು ಟ್ಯಾಂಕಿನ ನೆತ್ತಿಗೆ ವಾಪಸು ಒಯ್ಯುವ ಸಣ್ಣ ಪೈಪನ್ನೂ ತೆರೆದು ಕೈಕಟ್ಟಿ ನಿಲ್ಲುತ್ತಿದ್ದರು. ಪಂಪಿನ ಮೈ ಪೈಪಿನಷ್ಟೇ ತಣ್ಣಗಾಗುವವರೆಗೆ ಗುಂಡಿ ಮುಟ್ಟುತ್ತಿರಲಿಲ್ಲ. ಮೀಟರಿನ ಮುಳ್ಳು ನಡುಗಿದರೆ, ಒಳಗೆ ಜಲ್ಲಿ ಅರೆದಂತೆ ಕೇಳಿದರೆ, ಆ ಕ್ಷಣವೇ ಆಫ್. ಒಣಗಿ ತಿರುಗಿದರೆ, ಗ್ಯಾಸು ಹೊರಗೆ ಬಾರದಂತೆ ತಡೆಯುವ ಸೀಲು ಸುಡುತ್ತದೆ. ನೀನು ಆ ಸಣ್ಣ ಪೈಪನ್ನು ಮರೆತಿರಬೇಕು, ನೋಡು.

"ಏನ್ರೀ, ನಿಮ್ಮ ರಾಣಿಗೆ ಜ್ವರ ಇಳೀತಾ?" ಎಂದು ಬೇಲಿಯಿಂದ ಕೂಗುತ್ತಿದ್ದೆ.

"ನಿಂಗಿಂತ ಬೇಗ ತಣ್ಣಗಾಗ್ತಾಳೆ ಕಣೆ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಬಸ್ಸಿಗೆ ಅರ್ಧ ಗಂಟೆ ಮುಂಚೆಯೇ ಹೋಗಿ ನಿಲ್ಲುತ್ತೇನೆ. "ಬೇಗ ಬನ್ನಿ" ಎಂದು ಬೈಯುವುದಕ್ಕೆ ಹಿಂದೆ ಯಾರೂ ಇಲ್ಲ. ಒಮ್ಮೊಮ್ಮೆ ತಿರುಗಿ ನೋಡುತ್ತೇನೆ, ನಾಚಿಕೆಗೆಟ್ಟವಳು. ನಿಧಾನವಾಗಿ ಎಳೆಯುವ ಆ ಚಪ್ಪಲಿಯ ಸದ್ದು ಇನ್ನೊಂದು ಸಲ ಕೇಳಿದರೆ ಸಾಕು, ಹತ್ತು ಬಸ್ಸು ತಪ್ಪಿಹೋಗಲಿ.

ನೀನು ತೂಕದ ಕಡೆ ಹೋಗಬೇಡ. ನಿನ್ನ ತಾತನ ತಾಳ್ಮೆ ನಿನ್ನ ಕೈಗೆ ಬರಲಿ, ನನ್ನ ಬಾಯಿ ಮಾತ್ರ ಬಾರದಿರಲಿ. ಚೆನ್ನಾಗಿರು ಮಗಳೇ.

ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ತಾತ ಜೀವಮಾನದಲ್ಲಿ ಕಾಯದೆ ಇದ್ದದ್ದು ಒಂದೇ ದಿನ. ಅವತ್ತು ಮ್ಯಾಟಿನಿಗೆ ಹೋಗೋಣವೆಂದು ನಾನೇ ಹಟ ಹಿಡಿದಿದ್ದೆ. ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ಹೊರಡುವ ಮುಂಚೆ ಇನ್ನೊಂದು ಲಾರಿ ತುಂಬಿಸಬೇಕಿತ್ತು. ಬೇಲಿ ಹಿಡಿದುಕೊಂಡು, "ಆ ರಾಣೀನೇ ಮದುವೆ ಆಗಬೇಕಿತ್ತು ನೀವು. ಇನ್ನೊಂದು ನಿಮಿಷ ಹೀಗೇ ನಿಂತ್ರೆ ನಾನೊಬ್ಬಳೇ ಹೋಗ್ತೀನಿ, ವಾಪಸು ಮನೆಗೂ ಬರಲ್ಲ" ಎಂದೆ. ಅವರು ನನ್ನ ಮುಖ ನೋಡಿ ಗುಂಡಿ ಒತ್ತಿದರು. ಸೀಲು ಸುಟ್ಟು, ಚಿಮ್ಮಿದ ಗ್ಯಾಸಿನ ಹಿಮದಂಥ ತಂಪಿಗೆ ಎಡಗೈ ಮರಗಟ್ಟಿತು. ವಿಚಾರಣೆಯಲ್ಲಿ "ಯಾರಾದ್ರೂ ಅವಸರ ಮಾಡಿದ್ರಾ?" ಎಂದು ಸಾಹೇಬರು ಕೇಳಿದರು. "ಇಲ್ಲ ಸಾರ್, ತಪ್ಪು ನಂದೇ" ಎಂದರು. ಬಾಗಿಲಲ್ಲೇ ನಿಂತಿದ್ದ ನಾನು ತುಟಿ ಬಿಚ್ಚಲಿಲ್ಲ. ಅವರ ಕೆಲಸ ಹೋಯಿತು, ಹೆಸರೂ ಹೋಯಿತು. ಈ ಕಾಗದವನ್ನು ನಿನ್ನ ಹಿರಿಯ ಆಪರೇಟರಿಗೆ ಎಲ್ಲರೆದುರೇ ಓದಿ ಹೇಳು.

ಅವತ್ತು ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದವರು ಮೊದಲು ಆಡಿದ ಮಾತು, "ಷೋ ತಪ್ಪಿಹೋಯ್ತಲ್ಲೇ ನಿಂಗೆ."