ಸೋಲಬೇಕಾದ ಗಾರೆ

ಸೇಂಟ್ ಮೇರಿ ಕೊಲ್ಲಿ, ನೋವಾ ಸ್ಕೋಷಿಯಾ
ಗುರುವಾರ, ೨೮ ಸೆಪ್ಟೆಂಬರ್ ೨೦೨೩

ಪ್ರೀತಿಯ ತಮ್ಮ ಯುಲಿಸ್‌ಗೆ,

ಆದ್ದರಿಂದ ಆ ಕತ್ತೆ ನೀನಲ್ಲ, ನಾನು. ನಿನ್ನೆ ಇದನ್ನೇ ಬರೆಯುತ್ತಾ ಕೂತಿದ್ದೆ, ಅಷ್ಟರಲ್ಲಿ ಕೋಳಿ ಸಾರು ಉಕ್ಕಿತು. ಎದ್ದು ಹೋಗಿ ಇಳಿಸಿ ಬಂದು ನೋಡಿದರೆ ಪಾತ್ರೆಯನ್ನು ಇಟ್ಟದ್ದು ಬರೆದ ಹಾಳೆಯ ಮೇಲೇ. ಎರಡು ಪುಟ ಸಾರು ಕುಡಿದವು. ಇವತ್ತು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ, ನೀನು ಹಳೆಯ ಮಾತು ಮುಂದುವರಿದಿದೆ ಎಂದು ತಿಳಿದುಕೊಂಡು ಓದು.

ನಿನ್ನ ಮೊಣಕಾಲು ಹೇಗಿದೆ? ಕ್ರಿಸ್‌ಮಸ್ ಕಾರ್ಡಿನಲ್ಲಿ ಎಡಗಡೆಯದು ಎಂದು ಬರೆದಿದ್ದೆ, ಅದರ ಹಿಂದಿನ ವರ್ಷ ಬಲಗಡೆಯದಾಗಿತ್ತು. ಎರಡೂ ಸರದಿಯ ಮೇಲೆ ನೋಯುತ್ತಿದ್ದರೆ ಅಷ್ಟರ ಮಟ್ಟಿಗೆ ಪುಣ್ಯ. ನಿಮ್ಮ ಅಮೆರಿಕದ ಗ್ಲಾಸ್ಟರಿನಲ್ಲಿ ಚಳಿ ಶುರುವಾಯಿತೇ? ನಾನು ಚೆನ್ನಾಗಿದ್ದೇನೆ. ಡಾಕ್ಟರಮ್ಮ ಕಾಕಂಬಿ ಬಿಡಿ ಎಂದಳು. ಬ್ರೆಡ್ಡಿನ ಮೇಲೆ ಕಾಕಂಬಿ ಇಲ್ಲದಿದ್ದರೆ ಅದು ಬರೀ ಒಣ ಹಲಗೆ ಎಂದೆ. ಅವಳು ನಕ್ಕಳು, ಆದರೆ ಚೀಟಿ ಬದಲಾಯಿಸಲಿಲ್ಲ. ಎಪ್ಪತ್ತೆಂಟಕ್ಕೆ ಇಷ್ಟಾದರೂ ಬೈಸಿಕೊಳ್ಳದಿದ್ದರೆ ಬದುಕಿದ್ದೇನೆ ಎಂದು ಗೊತ್ತಾಗುವುದು ಹೇಗೆ.

ಈಗ ವಿಷಯ. ನಮ್ಮ ಚಿಮಣಿಯದು. ಹೆಸರು ಕೇಳಿದೊಡನೆ ನೀನು ಕಾಗದ ಮಡಚಿಡುತ್ತೀಯ ಎಂದು ಗೊತ್ತು. ದಯವಿಟ್ಟು ಮಡಚಬೇಡ. ಆಗಸ್ಟಿನಲ್ಲಿ ವಿಮೆಯವರ ಕಡೆಯಿಂದ ಒಬ್ಬ ಬಂದಿದ್ದ. ನಮ್ಮ ಫ್ರೆಂಚು ಬಾರದ ಇಂಗ್ಲಿಷಿನವನು, ಕೊರಳಲ್ಲಿ ದುರ್ಬೀನು. ಅಂಗಳದಲ್ಲಿ ನಿಂತು ಮೇಲೆ ನೋಡಿ ತುಟಿ ಕಚ್ಚಿದ. ನಾನು ಹ್ಯಾಲಿಫ್ಯಾಕ್ಸ್ ಕಾಲೇಜಿನಲ್ಲಿ ಒಂದು ವರ್ಷ ಕಲಿತದ್ದರಲ್ಲಿ ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ, 'ಮೈ ಡಿಯರ್ ಸರ್, ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿದೆ. ಮುಂದಿನದು ನೆನಪಾಗುವಷ್ಟರಲ್ಲಿ ಅವನು ಕಾರು ಹತ್ತಿದ್ದ. ವಾರದ ಮೇಲೆ ಕಾಗದ ಬಂತು. ಗಾರೆ 'ಡಿಟೀರಿಯರೇಟೆಡ್' ಆಗಿದೆಯಂತೆ. ಹಳೆಯ ಡಿಕ್ಷನರಿ ತೆಗೆದು ನೋಡಿದೆ. ಕಾಲಕ್ರಮದಲ್ಲಿ ಕೆಟ್ಟದ್ದು ಎಂದಿತ್ತು. ಚಿಮಣಿಯ ಬಗ್ಗೆ ಬರೆದಿದ್ದಾನೋ ನನ್ನ ಬಗ್ಗೆಯೋ ಎಂದು ಎರಡು ಸಲ ಓದಿಕೊಂಡೆ. ಹಿಮ ಬೀಳುವ ಮುಂಚೆ ರಿಪೇರಿ ಮಾಡಿಸಬೇಕು, ಇಲ್ಲವಾದರೆ ಛಾವಣಿಯ ಕೆಳಕ್ಕೆ ಕತ್ತರಿಸಿ ಮುಚ್ಚಿಬಿಡಬೇಕು, ಅಲ್ಲಿಯವರೆಗೆ ಅಮ್ಮನ ಸೌದೆ ಒಲೆ ಹಚ್ಚುವಂತಿಲ್ಲ. ಅಜ್ಜ ಕಟ್ಟಿದ ಚಿಮಣಿ, ಅಪ್ಪನೂ ನೀನೂ ಚಿಪ್ಪು ಸುಟ್ಟು ಸುಣ್ಣ ಮಾಡಿ ಸಂದು ತುಂಬಿದ ಚಿಮಣಿ. ಇಂದಿಗೂ ಮುದುಕ ಮೀನುಗಾರರು ಅದನ್ನು ಚರ್ಚಿನ ಗೋಪುರಕ್ಕೆ ನೇರ ಮಾಡಿಕೊಂಡು, ಬಂಡೆ ತಪ್ಪಿಸಿ ದೋಣಿ ಒಳಗೆ ತರುತ್ತಾರೆ. ಕತ್ತರಿಸುವುದಂತೆ.

ಒಡೀಲ್‌ಳನ್ನು ಕರೆಸಿದೆ. ನಿನ್ನ ಗುರು ಫಿಡೇಲ್ ಮೇಸ್ತ್ರಿಯ ಮಗಳು. ನೀನು ಹೋದಾಗ ಮೊಣಕಾಲಿನಷ್ಟು ಎತ್ತರ ಇದ್ದಳು, ಈಗ ಐದು ಊರಿನ ಚಿಮಣಿ ಅವಳ ಕೈಯಲ್ಲಿ. ಸಾರುವೆ ಕಟ್ಟಿ ಮೇಲೆ ಹತ್ತಿದವಳು ಒಂದೊಂದೇ ಸಂದನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಮೇಲಿಂದಲೇ ಕೂಗಿದಳು, "ಮಾವ, ಇದಕ್ಕೆ ಸಿಮೆಂಟು ಹಾಕಿದ ಕತ್ತೆ ಯಾರು?" ನಾನು ಮೋಡ ನೋಡಿದೆ. ಅವಳು ಬಿಡುವ ಪೈಕಿಯಲ್ಲ. ಕೆಳಗಿಳಿದು ಅಂಗೈ ಬಿಚ್ಚಿ ತೋರಿಸಿದಳು, ಅದರಲ್ಲಿ ನಮ್ಮ ಇಟ್ಟಿಗೆಯ ಮುಖ, ಬಿಸ್ಕತ್ತಿನ ಹಾಗೆ ಪದರ ಪದರ ಕಿತ್ತು ಬಂದದ್ದು. "ಇಟ್ಟಿಗೆ ಮೆತ್ತಗಿನದು ಮಾವ. ಉಪ್ಪುಗಾಳಿಯ ತೇವ ಕುಡೀತದೆ, ಸುಣ್ಣದ ಸಂದಿನಿಂದ ಉಸಿರು ಬಿಡ್ತದೆ. ಸಿಮೆಂಟು ಬಾಯಿ ಮುಚ್ಚಿದ್ರೆ ಒಳಗಿನ ನೀರು ಹೆಪ್ಪುಗಟ್ಟಿ ಇಟ್ಟಿಗೆಯನ್ನೇ ಒಡೀತದೆ. ಬಂದು ನೋಡಿ, ಸಿಮೆಂಟು ಗಟ್ಟಿಯಾಗಿ ನಿಂತಿದೆ, ಇಟ್ಟಿಗೆ ಹೋಗಿದೆ. ಜೇನು ತೆಗೆದ ಹುಟ್ಟಿನ ಹಾಗಿದೆ. ಯಾರದು ಹೇಳಿ?"

ಯುಲಿಸ್, ಇಲ್ಲಿ ನಾನು ನಿನಗೆ ಮಾಡಿದ ಎರಡನೆಯ ಅನ್ಯಾಯ. "ನನ್ನ ತಮ್ಮ" ಎಂದುಬಿಟ್ಟೆ. ನೀನು ಗ್ಲಾಸ್ಟರಿನಲ್ಲಿದ್ದೀಯ, ಕೇಳಿಸುವುದಿಲ್ಲ, ಅಷ್ಟೇ ನನ್ನ ಲೆಕ್ಕ. ಅವಳ ಮುಖ ನೋಡಬೇಕಿತ್ತು. "ಯುಲಿಸ್ ಮಾವನಾ? ಅಪ್ಪ ಸಾಯೋವರೆಗೂ ಅವರ ಕೈ ಹೊಗಳ್ತಿದ್ರು" ಎಂದಳು. ಅಪ್ಪನ ಫೋಟೋ ಗೋಡೆಯಿಂದ ಇಳಿಸಿದವಳ ಹಾಗೆ ಹೋಗಿ ಉಳಿ ಸುತ್ತಿಗೆ ಎತ್ತಿಕೊಂಡಳು. ಭಾನುವಾರ ಚರ್ಚಿನ ಹಾಲ್‌ನಲ್ಲಿ ತಿಂಡಿಯ ಹೊತ್ತಿಗೆ ಊರಿಗೆಲ್ಲ ಗೊತ್ತು. ದೋಣಿಗಟ್ಟೆಯಲ್ಲಿ ಎರಡು ಹಲ್ಲಿನ ಮೆಲಾನ್ಸನ್ ಇದ್ದಾನಲ್ಲ, ಅವನು ಲಾಬ್ಸ್ಟರ್ ಬೋನಿಗೆ ಹಗ್ಗ ಕಟ್ಟುತ್ತಾ, "ಏನೋ ಆಲ್ಫೇ, ನಿನ್ನ ತಮ್ಮ ರಾತ್ರೋರಾತ್ರಿ ಅಮೆರಿಕಕ್ಕೆ ಓಡಿದ್ದು ಇದಕ್ಕೇನಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮೊದಲನೆಯ ಅನ್ಯಾಯ ನಿನಗೆ ನೆನಪಿದೆ, ನನಗೂ ಇದೆ, ನಾವಿಬ್ಬರೂ ಮೂವತ್ತಾರು ವರ್ಷ ಅದನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕಾರ್ಡಿನಲ್ಲಿ ಬರೆದಿದ್ದೇವೆ. ಆ ಬೇಸಿಗೆ ನೀನು ರಜಕ್ಕೆ ಬಂದಿದ್ದೆ. ದೋಣಿಗಟ್ಟೆಯ ಕೆಲಸದಲ್ಲಿ ಮಿಕ್ಕ ಸಿಮೆಂಟಿನ ಚೀಲಗಳನ್ನು ನಾನು ಚಿಮಣಿಗೆಂದು ತಂದು ಹಾಕಿಕೊಂಡಿದ್ದೆ. ನೀನು ನೋಡಿ, "ಬೇಡ ಅಣ್ಣ, ಚಿಪ್ಪಿನ ಸುಣ್ಣವೇ ಆಗಬೇಕು. ಗಾರೆ ಸೋಲಬೇಕು, ಆಗ ಇಟ್ಟಿಗೆ ಉಳಿಯುತ್ತೆ" ಎಂದೆ. ನಾನು ಅಣ್ಣನಾದವನು ತಮ್ಮನಿಂದ ಕೇಳಿಸಿಕೊಳ್ಳುವುದೇ? ಅದೂ ಊಟದ ಮೇಜಿನಲ್ಲಿ, ನೆಂಟರ ಮುಂದೆ. "ಸೋಲೋದು ನಿನಗೆ ಅಭ್ಯಾಸ ಕಣೋ, ದೋಣಿ ನಡೆಸೋಕಾಗದೆ ತಾನೇ ಗಡಿ ದಾಟಿ ಓಡಿದ್ದು" ಎಂದೆ. ನೀನು ತಟ್ಟೆಯಲ್ಲಿದ್ದ ಆಲೂಗಡ್ಡೆಯ ರಾಪ್ಯೂರ್ ಪೂರ್ತಿ ತಿಂದೆ, ಜೀಟಾಳಿಗೆ ಚೆನ್ನಾಗಿತ್ತು ಅತ್ತಿಗೆ ಎಂದೆ, ಬೆಳಿಗ್ಗೆ ಪೆಟ್ಟಿಗೆ ಕಾರಿಗೆ ಹಾಕಿಕೊಂಡೆ. ನೀನು ಹೋದ ಮೇಲೆ ನಾನು ಸಿಮೆಂಟನ್ನೇ ಮೆತ್ತಿದೆ. ಆಮೇಲೆ ಜೀಟಾ ತೀರಿಕೊಂಡಾಗ ಬಂದೆ, ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ನಿಂತೆ, ಅಲ್ಲಿಂದಲೇ ಹಿಂದಿರುಗಿದೆ. ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನೂ ಕರೆಯಲಿಲ್ಲ.

ಒಡೀಲ್ ಮೂರು ದಿನ ಸಂದು ಕೆತ್ತಿದಳು. ಕೆಟ್ಟ ಇಟ್ಟಿಗೆ ತೆಗೆದು, ಹಳೆ ಶಾಲೆ ಕೆಡವಿದಾಗ ಎತ್ತಿಟ್ಟ ಇಟ್ಟಿಗೆ ಕೂರಿಸಿದಳು, ಸುಣ್ಣ ಅರಳಿಸಿ ಗಾರೆ ತುಂಬಿದಳು. ಏಣಿಯ ಕೆಳಗೆ ನಿಂತು ಬಕೆಟ್ಟು ಕಟ್ಟಿ ಕಳಿಸುವುದು ನನ್ನ ಕೆಲಸ. ಊಟಕ್ಕೆ ಕರೆದರೆ ಬರುತ್ತಾಳೆ, ತಿಂದವಳೇ ಮತ್ತೆ ಏಣಿ ಹತ್ತುತ್ತಾಳೆ. ನಾಲ್ಕನೆಯ ದಿನ, ಎಂದರೆ ಮೊನ್ನೆ, ತುದಿಗೆ ಬಂದಳು. ಅಲ್ಲಿ ಮಳೆ ಬೀಳದ ಹಾಗೆ ನಾನು ಆಮೇಲೆ ಹೊಡೆಸಿದ ತಗಡಿನ ಟೊಪ್ಪಿ ಇತ್ತು. ಮೊಳೆ ಕಿತ್ತು ಅದನ್ನು ಕೆಳಕ್ಕೆ ಎಸೆದಳು. ಆಮೇಲೆ ಬಗ್ಗಿ ಏನನ್ನೋ ಅಂಗೈಯಿಂದ ಉಜ್ಜತೊಡಗಿದಳು. ನಾನು ಏನಮ್ಮ ಎಂದೆ. "ಬಕೆಟ್ಟು ಇಳಿಸ್ತಿದೀನಿ ಮಾವ, ನಿಧಾನ ಹಿಡ್ಕೊಳ್ಳಿ, ಒಡೆದೀತು" ಎಂದಳು.

ಬಕೆಟ್ಟಿನಲ್ಲಿ ಸಿಮೆಂಟಿನ ಒಂದು ಬಿಲ್ಲೆ, ಊಟದ ತಟ್ಟೆಯಷ್ಟು ಅಗಲ. ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. "ಏನೋ ಬರೆದಿದೆ. ನನ್ನ ಹತ್ರ ಕನ್ನಡಕ ಇಲ್ಲ, ನೀವೇ ಓದಿ" ಎಂದಳು. ಕನ್ನಡಕ ಅವಳ ಹಣೆಯ ಮೇಲೇ ಇತ್ತು. ನಾನು ಓದಿದೆ. ದೊಡ್ಡ ಅಕ್ಷರದಲ್ಲಿ 'ಆಲ್ಫೇ, ೧೯೮೭'. ಮೇಸ್ತ್ರಿಗಳು ಹಾಗೆ ಹೆಸರು ಹಾಕುತ್ತಾರೆಂದು ಕೇಳಿದ್ದೆನಲ್ಲ, ನಾನೂ ಹಸಿ ಸಿಮೆಂಟಿನಲ್ಲಿ ಬೆರಳಾಡಿಸಿದ್ದೆ. ಮರೆತೇ ಹೋಗಿತ್ತು. ಅದರ ಕೆಳಗೆ ಸಣ್ಣ, ದುಂಡನೆಯ ಅಕ್ಷರ. 'ಯುಲಿಸ್ ಬೇಡ ಅಂದಿದ್ದ. ನಾನೂ ಅಂದೆ. ಜೀಟಾ.'

ಸ್ಟೂಲು ಹತ್ತಲು ಹೆದರುವವಳು, ಯುಲಿಸ್. ನೆತ್ತಿಗೆ ಸಿಮೆಂಟು ಹಾಕಿ ಮುಗಿಸಿದ ಸಂಜೆ ನಾನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಅವಳು ಏಣಿ ಇಳಿಯುತ್ತಿದ್ದಳು. ಹೆಣಿಗೆ ಕಡ್ಡಿಯ ತುದಿಗೆ ಸಿಮೆಂಟು ಮೆತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದರೆ "ಕಡಲು ನೋಡೋಕೆ" ಎಂದಳು. ಅದಾದ ಮೇಲೆ ಮೂವತ್ತೆರಡು ವರ್ಷ ನನ್ನ ಜೊತೆ ಬಾಳಿದಳು, ನಾನು ಚಿಮಣಿಯ ಬಗ್ಗೆ ಜಂಬ ಕೊಚ್ಚಿದಾಗಲೆಲ್ಲ ಒಂದು ಥರ ನಗುತ್ತಿದ್ದಳು. ಆ ನಗು ಯಾವುದಕ್ಕೆಂದು ಮೊನ್ನೆ ಗೊತ್ತಾಯಿತು. ನಾನೂ ಮೇಜಿನ ಮುಂದೆ ಕೂತು ನಕ್ಕೆ, ಆಮೇಲೆ ಒಡೀಲ್ ನನಗೆ ತನ್ನ ಕರವಸ್ತ್ರ ಕೊಟ್ಟಳು, ಅದರ ತುಂಬ ಸುಣ್ಣ. ಅವಳು ಬೈಯಲಿಲ್ಲ. ಎರಡು ತಟ್ಟೆ ಸಾರು ಕುಡಿದು, "ಮನೇಲಿ ಕಾಗದ ಇದೆಯಾ ಮಾವ? ಬರೀರಿ. ಹಾಲ್‌ನಲ್ಲೂ ನೀವೇ ಎದ್ದು ಹೇಳ್ಬೇಕು" ಎಂದಳು. ಬರುವ ಭಾನುವಾರ ಹೇಳುತ್ತೇನೆ. ಮೆಲಾನ್ಸನ್ ಮುಂದಿನ ಸಾಲಿನಲ್ಲೇ ಕೂರುತ್ತಾನಂತೆ.

ಇನ್ನೂ ಬರೆಯುವುದಿತ್ತು, ಮೇರಿಲ್ಯೂಸ್‌ಳ ಹಸುವಿನ ಕಥೆ, ಹೊಸ ಪಾದ್ರಿಯ ಫ್ರೆಂಚು, ಆದರೆ ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ತಲೆಯೆತ್ತಿ ನೋಡಿದರೆ ಕೊಲ್ಲಿಯ ಮೇಲಿನ ಬೆಳಕು ಹೋಗುತ್ತಿದೆ. ಹಸಿ ಗಾರೆಗೆ ಹೊದಿಸಿದ ಗೋಣಿತಾಟನ್ನು ಕತ್ತಲಾಗುವ ಮುಂಚೆ ನೆನೆಸಬೇಕು, ಒಣಗಿದರೆ ಒಡೀಲ್ ನನ್ನನ್ನೇ ನೆನೆಸುತ್ತಾಳೆ.

ಹೆಂಡತಿಗೂ ಮಕ್ಕಳಿಗೂ ನನ್ನ ಪ್ರೀತಿ ಹೇಳು. ನಿನ್ನ ಎರಡೂ ಮೊಣಕಾಲಿಗೆ ಹಿರಿಯಣ್ಣನ ಆಶೀರ್ವಾದ.

ನಿನ್ನ ಅಣ್ಣ,
ಆಲ್ಫೇ

ಮರೆತದ್ದು: ಚಿಮಣಿಯ ಮೇಲಿನ ಎರಡು ವರಸೆ ಇಟ್ಟಿಗೆಯನ್ನೂ ನೆತ್ತಿಯನ್ನೂ ಒಡೀಲ್ ಕಟ್ಟದೆ ಬಿಟ್ಟಿದ್ದಾಳೆ, ನಾನೇ ಕೇಳಿಕೊಂಡೆ. ಹೆಪ್ಪುಗಟ್ಟುವ ಚಳಿಗೆ ಮುಂಚೆ ಮುಗಿಯಬೇಕಂತೆ, ಅಕ್ಟೋಬರ್ ಹನ್ನೆರಡರವರೆಗೆ ಕಾಯುತ್ತಾಳೆ. ನಿಮ್ಮ ಕಡೆಯಿಂದ ಇಲ್ಲಿಯ ಯಾರ್ಮತ್ ಬಂದರಿಗೆ ಹಡಗು ಇನ್ನೂ ಎರಡು ವಾರ ಓಡುತ್ತದೆ. ಬಾ. ಮೊಣಕಾಲು ಏರದಿದ್ದರೆ ಅಂಗಳದಲ್ಲಿ ಕುರ್ಚಿ ಹಾಕುತ್ತೇನೆ, ಅಲ್ಲಿಂದಲೇ ಬೈಯುತ್ತಾ ಮಾಡಿಸು. ಗಾರೆ ಕಲಸುವವನು ನಾನು. ಸುಣ್ಣ ಎಷ್ಟು, ಮರಳು ಎಷ್ಟು, ನೀನು ಹೇಳಿದಷ್ಟು. ಹೆಸರು ಬರೆಯಲು ಜೀಟಾಳ ಹೆಣಿಗೆ ಕಡ್ಡಿ ತೊಳೆದು ಇಟ್ಟಿದ್ದೇನೆ.