ಒಮ್ಮೆ ಕೂಗು

ಪ್ರೀತಿಯ ನಾದಿನಿಗೆ,

ಅತ್ತೆ ಹೋದಮೇಲೆ ನೀನು ಹೇಳಿದಂತೆ ಅವರ ಕೋಣೆಯಲ್ಲೇ ಮೇಜು ಹಾಕಿಸಿಕೊಂಡೆ. ಅವರು ಹಾಸಿಗೆ ಹಿಡಿದಿದ್ದಷ್ಟು ವರ್ಷವೂ ನಾನು ಕಥೆ ಬರೆದದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಒಂದು ಕಿವಿಯನ್ನು ಅವರ ಕಡೆಗೇ ಇಟ್ಟುಕೊಂಡು. “ಏ ಹುಡುಗಿ, ಎಲ್ಲಿ ಹಾಳಾಗ್ಹೋದೆ?” ಎಂದು ಕೂಗುವುದರೊಳಗೆ ವಾಕ್ಯ ಮುಗಿಯಬೇಕಿತ್ತು. ತಲೆ ನರೆತರೂ ನಾನು ಹುಡುಗಿಯೇ. ವಿಮರ್ಶಕರು ನನ್ನ ಪುಟ್ಟ ವಾಕ್ಯಗಳನ್ನು ಹೊಗಳಿದಾಗಲೆಲ್ಲ ನಗು ಬರುತ್ತಿತ್ತು.

ಈಗ ಯಾರೂ ಕರೆಯುವುದಿಲ್ಲ. ಶುರುಮಾಡಿದ ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ಸಂಜೆಯವರೆಗೆ ಎಳೆದೆಳೆದು ಕೊನೆಗೆ ಹರಿದುಹಾಕುತ್ತೇನೆ.

ನಿನ್ನದು ಥೇಟ್ ಅವರದೇ ಗಂಟಲು. ಬಿಡುವಿದ್ದಾಗ ಫೋನ್ ಮಾಡಿ, ಅವರ ಹಾಗೆಯೇ ಒಮ್ಮೆ ಕೂಗು. ತಕ್ಷಣ ಎತ್ತಲಿಲ್ಲವೆಂದು ಇಟ್ಟುಬಿಡಬೇಡ. ವಾಕ್ಯ ಮುಗಿಸಿ ಬರುತ್ತಿರುತ್ತೇನೆ.

ನಿನ್ನ ಅತ್ತಿಗೆ