ತೇಲಿದ ಸೋಪು

ಮನೆಯಿಂದ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತೇ? ಅಲ್ಲಿ ಸೋಪಿನ ಶೆಡ್ ಹಾಕಿದ ಮೇಲೆ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವಂತೆ. ಅಮ್ಮ ಚೆನ್ನಾಗಿದ್ದಾಳೆ, ಕೈಬೆರಳ ನೋವೊಂದು ಬಿಟ್ಟರೆ. ನಾನು ಮಾತ್ರ ಚೆನ್ನಾಗಿಲ್ಲ.

ಮೊನ್ನೆ ಆಸ್ಪತ್ರೆಯ ಆಯಾ, ಅಪ್ಪನ ಕಾಲದ ಗಿರಾಕಿ, ಪೇಟೆಯಲ್ಲಿ ಕೊಂಡ ನಮ್ಮ ಮುದ್ರೆಯ ಸೋಪನ್ನು ತಂದು ನನ್ನೆದುರಿಗಿಟ್ಟಳು. ಎರಡು ದಿನಕ್ಕೇ ಕರಗುತ್ತದೆ, ನಿಮ್ಮಪ್ಪ ಹೀಗೆ ಮಾಡುತ್ತಿರಲಿಲ್ಲ ಎಂದಳು. ಇಲ್ಲಿ ಸೋಪು ಮಾಡುವವಳು ನಾನೇ ತಾನೇ, ನನ್ನ ಎಣ್ಣೆಯೇ ಕೆಟ್ಟಿರಬೇಕು ಅಂದುಕೊಂಡೆ. ಅಪ್ಪ ಪ್ರತಿ ಪಾಕದಿಂದಲೂ ಒಂದು ಸೋಪು ತೆಗೆದು, ಮುಳುಗುತ್ತದೋ ಅಂತ ನೀರಿನ ಬಕೆಟ್ಟಿಗೆ ಹಾಕಿ ನೋಡುತ್ತಿದ್ದರಲ್ಲ, ಹಾಗೇ ಆಯಾ ತಂದದ್ದನ್ನು ಹಾಕಿದೆ. ತೇಲಿತು. ಅರ್ಧ ಕತ್ತರಿಸಿ ಹಾಕಿದೆ, ತೇಲಿತು. ಕಡಲೆಕಾಳಿನಷ್ಟು ಚೂರು ಹಾಕಿದೆ, ಅದೂ ತೇಲಿತು. ನನ್ನ ಸೋಪಿನ ಚೂರೋ, ಅದರ ಪಕ್ಕದಲ್ಲೇ ತಳ ಸೇರಿತು. ಸಾಂದ್ರತೆ ಅಂತ ನೀನು ಪರೀಕ್ಷೆಗೆ ಉರುಹೊಡೆಯುತ್ತಿದ್ದಾಗ ಅಪ್ಪ ಹೇಳಿದ್ದು ನೆನಪಿದೆಯಾ? "ದೊಡ್ಡದಾ ಚಿಕ್ಕದಾ ಅಂತ ನೀರು ಕೇಳಲ್ಲ. ಅಷ್ಟು ಜಾಗದಲ್ಲಿ ಎಷ್ಟು ತುಂಬಿದೆ ಅಂತ ಕೇಳುತ್ತೆ."

ಆಮೇಲೆ ನೋಡಿದರೆ ಆಯಾಳ ಸೋಪಿನ ಒಂದು ಮೂಲೆ ಮೊಂಡು. ಅಪ್ಪನ ಅಚ್ಚುಗಳಲ್ಲಿ ಮೂಲೆ ಸವೆದದ್ದು ನಿನ್ನ ಹತ್ತಿರ ಮಾತ್ರ ಇರುವುದು. ಆದರೂ ಮನಸ್ಸು ಒಪ್ಪಲಿಲ್ಲ. ಆಯಾಳನ್ನು ಕೇಳಿ ಇನ್ನೊಂದು ಇಡೀ ಸೋಪು ತರಿಸಿಕೊಂಡೆ. ತುರಿದು, ಗುಳ್ಳೆಯೆಲ್ಲ ಒಡೆಯುವ ತನಕ ಕಾಯಿಸಿ, ಅದೇ ಅಳತೆಯ ನನ್ನ ಅಚ್ಚಿಗೆ ಸುರಿದೆ. ಮುಕ್ಕಾಲು ಅಚ್ಚಿಗೇ ಮುಗಿದುಹೋಯಿತು. ಉಳಿದ ಕಾಲುಭಾಗ ಬರೀ ಗಾಳಿ, ಅಣ್ಣಾ. ಪಾಕ ಕಡೆಯುವಾಗ ನೀನೇ ಹೊಡೆದು ತುಂಬಿದ ಗಾಳಿ.

ಯಾರೋ ಹೊರಗಿನವರು ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಹೋದ ವಾರ ಫೋನಿನಲ್ಲಿ, ಎಲ್ಲ ಅಪ್ಪನ ಅಳತೆಯೇ ಕಣೇ, ಅಂದವನು ನೀನು. ಉಂಡ ಮನೆಗೆ ಎರಡು ಬಗೆದೆಯಲ್ಲೋ. ಆಯಾಳೆದುರು ಕೆಟ್ಟದ್ದು ಅಪ್ಪನ ಮುದ್ರೆಯ ಹೆಸರು, ನಿನ್ನದಲ್ಲ. ನಿನ್ನ ಮೇಲಿದ್ದ ನಂಬಿಕೆ ಹೋಯಿತು, ಅಷ್ಟೇ.

ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಚಿನ್ನು

ಮರೆತಿದ್ದೆ: ಅಮ್ಮನಿಗೆ ಇದೇನೂ ಗೊತ್ತಿಲ್ಲ. ನೀನು ಕಳಿಸಿದ ಸೋಪಿನಲ್ಲೇ ಸ್ನಾನ ಮಾಡುತ್ತಾಳೆ. "ಹಿಡಿದ್ರೆ ಕೈ ನೋಯೋದೇ ಇಲ್ಲ. ನನಗೋಸ್ಕರ ಹಗುರ ಮಾಡಿದಾನೆ ನನ್ನ ಮಗ" ಅಂತ ಬಂದವರಿಗೆಲ್ಲ ತೋರಿಸುತ್ತಾಳೆ. ಅಚ್ಚು ತೆಗೆದುಕೊಂಡು ಬಾ. ಅವಳಿಗೆ ನೀನೇ ಹೇಳು.